‘ಸಡಿಲ ಬಿಡು’ ಎಂದರೆ ಸಾಲದು

ಪಿಯಾನೊ ಪಾಠದಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಮಾತು ‘ಕೈ ಸಡಿಲ ಬಿಡು’. ಮಗುವಿನ ಭುಜಗಳು ಕಿವಿಯತ್ತ ಏರಿವೆ, ಮಣಿಕಟ್ಟು ಕಟ್ಟಿಗೆಯಂತಾಗಿದೆ, ಕೆಲಸವಿಲ್ಲದ ಕಿರುಬೆರಳು ಗಾಳಿಯಲ್ಲಿ ಸೆಟೆದು ನಿಂತಿದೆ. ಟೀಚರ್ ‘ರಿಲ್ಯಾಕ್ಸ್’ ಎಂದ ಕೂಡಲೇ ಭುಜ ಇಳಿಯುತ್ತದೆ. ಕಷ್ಟದ ಸಾಲು ಬಂದ ಕೂಡಲೇ ಮತ್ತೆ ಏರುತ್ತದೆ. ಮುಂದಿನ ವಾರವೂ ಅದೇ ಮಾತು, ಅದೇ ಭುಜ. ಮಗುವಿಗೆ ಗಮನವಿಲ್ಲ ಎಂದು ದೂರುವುದು ಸುಲಭ. ಆದರೆ ಆ ಮಾತಿನಲ್ಲಿ ಮಗು ಹಿಡಿದುಕೊಳ್ಳಬಹುದಾದ ಸಂಗತಿ ಏನಿದೆ? ಯಾವ ಭಾಗ, ಯಾವ ಕ್ಷಣದಲ್ಲಿ, ಎಷ್ಟು, ಯಾಕೆ ಎಂಬ ಒಂದು ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಶ್ರುತಿ ಎಂದರೇನೆಂದು ಹೇಳಿಕೊಡದೆ ‘ಶ್ರುತಿ ಸೇರಿಸು’ ಎಂದು ಗದರಿದ ಹಾಗೆ ಇದು. ದೇಹ ಬಳಸುವ ರೀತಿಯನ್ನು ಸ್ವರ-ತಾಳಗಳಂತೆಯೇ ಮೊದಲ ದಿನದಿಂದ ವಿವರಿಸಿ ಕಲಿಸಬೇಕು, ಹಾಗೆ ಕಲಿಸಲು ಬೇಕಾದ ತಿಳಿವಳಿಕೆ ಸುಮಾರು ನೂರು ವರ್ಷಗಳಿಂದ ಪುಸ್ತಕಗಳಲ್ಲಿ ಬಿದ್ದಿದೆ ಎಂಬುದು ನನ್ನ ವಾದ.

ಮೊದಲು ವಾದ್ಯದಿಂದಲೇ ಹೊರಡೋಣ. ಪಿಯಾನೊದ ಕೀ ಒಂದು ಸನ್ನೆಕೋಲು. ಈ ತುದಿಯನ್ನು ಒತ್ತಿದರೆ ಆ ತುದಿ ಎದ್ದು, ಹಲವು ಮರದ ತುಂಡುಗಳ ಮೂಲಕ, ಫೆಲ್ಟ್ ಹೊದಿಸಿದ ಪುಟ್ಟ ಸುತ್ತಿಗೆಯೊಂದನ್ನು ತಂತಿಯತ್ತ ಎಸೆಯುತ್ತದೆ. ನಿಜವಾಗಿಯೂ ಎಸೆಯುತ್ತದೆ. ಕೀ ಕೆಳಗಿಳಿಯುವುದು ಒಟ್ಟು 10 ಮಿ.ಮೀ.ನಷ್ಟು. ಅದು ತಳ ಮುಟ್ಟುವ ತುಸು ಮೊದಲೇ, ಸುತ್ತಿಗೆ ತಂತಿಯಿಂದ ಇನ್ನೂ ಸುಮಾರು 2 ಮಿ.ಮೀ. ದೂರವಿರುವಾಗ, ಕೀಗೂ ಸುತ್ತಿಗೆಗೂ ಸಂಬಂಧ ಕಡಿಯುತ್ತದೆ. ಅಲ್ಲಿಂದ ಮುಂದೆ ಸುತ್ತಿಗೆ ತನಗೆ ಸಿಕ್ಕ ವೇಗದಲ್ಲೇ ಹಾರಿ, ತಂತಿಗೆ ಬಡಿದು ಹಿಂದಿರುಗುತ್ತದೆ. ನಾದ ಜೋರೋ ಮೆಲುವೋ ಎಂಬುದನ್ನು ನಿರ್ಧರಿಸುವುದು ಆ ವೇಗ. ಇದನ್ನು ಯಾರ ಬಾಯಿಮಾತಿನ ಮೇಲೂ ನಂಬಬೇಕಾಗಿಲ್ಲ, ನಿಜವಾದ ಪಿಯಾನೊ ಮುಂದೆ ಕೂತ ಏಳು ವರ್ಷದ ಮಗು ತಾನೇ ನೋಡಬಹುದು. ಒಂದು ಕೀಯನ್ನು ತೀರ ನಿಧಾನವಾಗಿ ಒತ್ತಿದರೆ ಸದ್ದೇ ಬರುವುದಿಲ್ಲ. ತಳದ ಹತ್ತಿರ ಬೆರಳಿಗೆ ಸಣ್ಣದೊಂದು ತಡೆ ಸಿಗುತ್ತದೆ, ಸಂಬಂಧ ಕಡಿಯುವ ಜಾಗ ಅದೇ. ಇನ್ನೊಂದು ಕೀಯನ್ನು ಸರಿಯಾಗಿ ನುಡಿಸಿ, ಹಾಗೇ ಹಿಡಿದುಕೊಂಡು, ಮೈಯ ಬಲವನ್ನೆಲ್ಲ ಹಾಕಿ ಅದುಮಿದರೆ ನಾದ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಮಕ್ಕಳ ಕೈಯಲ್ಲಿ ಕಾಣುವ ಬಿಗಿಯ ದೊಡ್ಡ ಪಾಲು ಹುಟ್ಟುವುದು ಇಲ್ಲಿ, ಸ್ವರ ಆಗಲೇ ಹುಟ್ಟಿಯಾದ ಮೇಲೂ ತಳವನ್ನು ಅದುಮುತ್ತಲೇ ಇರುವುದರಲ್ಲಿ. ಬಾಗಿಲು ತೆರೆದಾದ ಮೇಲೂ ಅದನ್ನು ತಳ್ಳುತ್ತ ನಿಂತವನ ಪಾಡು ಅದು. ಈ ಎರಡು ಪ್ರಯೋಗಗಳಿಗೆ ಐದು ನಿಮಿಷ ಸಾಕು. ಆಮೇಲೆ ‘ಸದ್ದು ಬಂದ ಮೇಲೆ ಕೀ ಮೇಲೇಳದಂತೆ ತಡೆಯುವಷ್ಟು ಭಾರ ಮಾತ್ರ ಉಳಿಸು’ ಎಂದರೆ ಮಗುವಿಗೆ ಅರ್ಥವಾಗುತ್ತದೆ. ‘ಸಡಿಲ ಬಿಡು’ ಎಂಬ ಮಾತು ಹೇಳಬೇಕೆಂದಿದ್ದುದೂ ಬಹುಪಾಲು ಇದನ್ನೇ.

ಇನ್ನು ಕೈ. ಬೆರಳುಗಳನ್ನು ಬಲಪಡಿಸಬೇಕು ಎಂಬ ಮಾತು ಪಿಯಾನೊ ಕಲಿಕೆಯಲ್ಲಿ ವೇದವಾಕ್ಯದಂತೆ ನಡೆದುಬಂದಿದೆ. ಆದರೆ ಬಲಪಡಿಸೋಣವೆಂದರೆ ಬೆರಳುಗಳಲ್ಲಿ ಅವನ್ನು ಆಡಿಸುವ ಸ್ನಾಯುಗಳೇ ಇಲ್ಲ. ಬೆರಳನ್ನು ಮಡಚುವ, ಎತ್ತುವ ದೊಡ್ಡ ಸ್ನಾಯುಗಳಿರುವುದು ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂಗೈಯಲ್ಲಿ; ಸಣ್ಣವು ಅಂಗೈಯೊಳಗೆ. ಬೆರಳಿನವರೆಗೆ ಬರುವುದು ಅವುಗಳ ಹುರಿಗಳು ಮಾತ್ರ, ಸೂತ್ರದ ಗೊಂಬೆಯ ದಾರಗಳ ಹಾಗೆ. ಎಡಗೈಯಿಂದ ಬಲ ಮುಂಗೈಯನ್ನು ಸುತ್ತಿ ಹಿಡಿದು ಬಲಗೈ ಬೆರಳುಗಳನ್ನು ಆಡಿಸಿದರೆ ಆಟ ನಡೆಯುವುದು ಎಲ್ಲಿ ಎಂದು ಕೈಗೇ ಸಿಗುತ್ತದೆ. ಮಣಿಕಟ್ಟನ್ನು ತೀರ ಎತ್ತಿ ಅಥವಾ ತೀರ ಕುಸಿಸಿ ಹಿಡಿದರೆ, ಇಲ್ಲವೇ ಕಿರುಬೆರಳಿನ ಕಡೆಗೆ ತಿರುಚಿದರೆ, ಆ ಹುರಿಗಳು ಮೂಲೆ ಬಳಸಿ, ಉಜ್ಜಿಕೊಂಡು ಓಡಬೇಕಾಗುತ್ತದೆ. ಮಡಚುವ ಸ್ನಾಯುವೂ ಎತ್ತುವ ಸ್ನಾಯುವೂ ಒಟ್ಟಿಗೆ ಬಿಗಿದರಂತೂ ಹಗ್ಗಜಗ್ಗಾಟವೇ: ಎರಡೂ ಕಡೆ ದಣಿವು, ಬೆರಳು ಮಾತ್ರ ನಿಂತಲ್ಲೇ. ಉಂಗುರ ಬೆರಳಿನದು ಇನ್ನೊಂದು ಕತೆ. ಅಂಗೈಯನ್ನು ಮೇಜಿನ ಮೇಲೆ ಮಗುಚಿಟ್ಟು, ನಡುಬೆರಳನ್ನು ಒಳಕ್ಕೆ ಮಡಚಿ, ಉಂಗುರ ಬೆರಳನ್ನು ಎತ್ತಲು ಹೊರಟರೆ ಅದು ಅಂಟಿಸಿದಂತೆ ಕೂತುಬಿಡುತ್ತದೆ. ಅದರ ಹುರಿ ಅಕ್ಕಪಕ್ಕದ ಹುರಿಗಳೊಂದಿಗೆ ಅಡ್ಡ ಎಳೆಗಳಿಂದ ಬೆಸೆದುಕೊಂಡಿದೆ. ಹೆಚ್ಚು ಅಭ್ಯಾಸ ಮಾಡಿದರೆ ಅದು ಬಿಡಿಸಿಕೊಳ್ಳುತ್ತದೆ ಎನ್ನುವುದು ಅಂಗರಚನೆಯೊಂದಿಗೆ ಜಗಳಕ್ಕೆ ನಿಂತಂತೆ.

ಈ ಜಗಳಕ್ಕೆ ಇಳಿದವರು ಬಹಳ ಮಂದಿ. ಡಬ್ಲಿನ್‌ನಲ್ಲಿ ಪಾಠ ಹೇಳುತ್ತಿದ್ದ ಯೊಹಾನ್ ಬರ್ನ್‌ಹಾರ್ಡ್ ಲೋಜಿಯೆ 1814ರಲ್ಲಿ ‘ಕೈರೊಪ್ಲಾಸ್ಟ್’ ಎಂಬ ಚೌಕಟ್ಟಿಗೆ ಪೇಟೆಂಟ್ ಪಡೆದ. ಮಣಿಕಟ್ಟನ್ನು ಎರಡು ಪಟ್ಟಿಗಳ ನಡುವೆ ಸಿಕ್ಕಿಸಿ, ಒಂದೊಂದು ಬೆರಳನ್ನೂ ಒಂದೊಂದು ಗೂಡಿನಲ್ಲಿ ಕೂರಿಸುವ ಸಾಧನ ಅದು. ಯುವಕ ರಾಬರ್ಟ್ ಶೂಮನ್ ಕೂಡ 1830ರ ದಶಕದ ಆರಂಭದಲ್ಲಿ ಬೆರಳಿಗೆ ಇಂಥದೇ ಯಂತ್ರವೊಂದನ್ನು ಬಳಸಿದ; ಬಲಗೈ ಕೆಟ್ಟು, ಪಿಯಾನೊ ವಾದಕನಾಗುವ ಆಸೆಯನ್ನು ಬಿಟ್ಟ. ಯಂತ್ರವೇ ಕೆಡಿಸಿತೋ, ಬೇರೆ ಕಾಯಿಲೆಯಿತ್ತೋ ಎಂದು ವೈದ್ಯರೂ ಇತಿಹಾಸಕಾರರೂ ಇಂದಿಗೂ ವಾದಿಸುತ್ತಿರುವುದರಿಂದ ಅವನನ್ನು ಸಾಕ್ಷಿಯಾಗಿ ಕರೆಯುವುದು ಅಷ್ಟು ಸರಿಯಲ್ಲ. ಅವನ ಕಾಲ ನಂಬಿದ್ದೇನು ಎಂಬುದಕ್ಕೆ ಮಾತ್ರ ಅವನು ಉದಾಹರಣೆ. ಆ ನಂಬಿಕೆ ಬಂದದ್ದು ಹಾರ್ಪ್ಸಿಕಾರ್ಡ್ ಮತ್ತು ಹಳೆಯ ಹಗುರ ಪಿಯಾನೊಗಳಿಂದ. ಮೊಜಾರ್ಟನ ಕಾಲದ ವಿಯೆನ್ನಾ ಪಿಯಾನೊದ ಕೀ ಇಂದಿನ ಅರ್ಧದಷ್ಟೇ ಆಳ ಇಳಿಯುತ್ತಿತ್ತು, ಒತ್ತಲೂ ಹಗುರವಾಗಿತ್ತು. ತೋಳನ್ನು ಅಲುಗಿಸದೆ ಬೆರಳಿನಿಂದ ನುಡಿಸುವುದು ಅಲ್ಲಿ ಒಪ್ಪುತ್ತಿತ್ತು. ಕಬ್ಬಿಣದ ಚೌಕಟ್ಟು ಬಂತು, ತಂತಿ ದಪ್ಪವಾಯಿತು, ಕೀ ಭಾರವಾಯಿತು. ಪಾಠ ಮಾತ್ರ ಹಳೆಯದೇ ಉಳಿಯಿತು. ಕೈ ಅಲುಗಬಾರದೆಂದು ಅದರ ಮೇಲೆ ನಾಣ್ಯ ಇಟ್ಟು ನುಡಿಸಿದರು. 1873ರಲ್ಲಿ ಬಂದ ಹಾನನ್ ಅವರ 60 ಅಭ್ಯಾಸಗಳು ಬೆರಳನ್ನು ಎತ್ತರಕ್ಕೆ ಎತ್ತಲು ಹೇಳಿದವು, ಇಂದಿಗೂ ಬೆಂಗಳೂರಿನ ಸಂಗೀತದಂಗಡಿಗಳಲ್ಲಿ ಆ ಪುಸ್ತಕ ಕೇಳಿದರೆ ಸಿಗುತ್ತದೆ. ಶೋಪನ್ ಒಬ್ಬ ಈ ಗುಂಪಿಗೆ ಸೇರಲಿಲ್ಲ. ಎಲ್ಲ ಬೆರಳುಗಳನ್ನೂ ಒಂದೇ ಬಲದವನ್ನಾಗಿ ಮಾಡುವ ಹಟ ಅವನಿಗಿರಲಿಲ್ಲ. ಉದ್ದದ ಬೆರಳುಗಳು ಕಪ್ಪು ಕೀಗಳ ಮೇಲೆ ತಾವಾಗಿಯೇ ಕೂರುತ್ತವೆಂದು ಅವನು ಶಿಷ್ಯರಿಗೆ ಬಿ ಮೇಜರ್ ಶ್ರೇಣಿಯನ್ನು ಮೊದಲು ಹೇಳಿಕೊಡುತ್ತಿದ್ದ. ನಾವೆಲ್ಲ ಮೊದಲ ದಿನ ಕಲಿಸುವ ಸಿ ಮೇಜರ್ ಅವನ ಲೆಕ್ಕದಲ್ಲಿ ಕೈಗೆ ಅತಿ ಕಷ್ಟದ್ದು.

ಹತ್ತೊಂಬತ್ತನೇ ಶತಮಾನದ ಕೊನೆಗೆ ನೋಯುವ ಕೈಗಳ ಸಂಖ್ಯೆ ಕಣ್ಣಿಗೆ ಬೀಳುವಷ್ಟಾಗಿರಬೇಕು. ಬರ್ಲಿನ್‌ನ ಲುಡ್ವಿಗ್ ಡೆಪೆ 1885ರಲ್ಲಿ ಪಿಯಾನೊ ನುಡಿಸುವವರ ತೋಳುನೋವಿನ ಬಗೆಗೇ ಒಂದು ಲೇಖನ ಬರೆದ. ಬೆರಳೊಂದೇ ದುಡಿಯಬಾರದು, ಭುಜದಿಂದ ತುದಿಯವರೆಗೆ ಇಡೀ ತೋಳು ಕೆಲಸ ಹಂಚಿಕೊಳ್ಳಬೇಕು ಎಂಬುದು ಅವನ ವಾದ. ಲಂಡನ್‌ನಲ್ಲಿ ಟೋಬಿಯಾಸ್ ಮ್ಯಾಥೆ 1903ರಲ್ಲೂ ಜರ್ಮನಿಯಲ್ಲಿ ರುಡಾಲ್ಫ್ ಬ್ರೈಟ್‌ಹೌಪ್ಟ್ 1905ರಲ್ಲೂ ದೊಡ್ಡ ಪುಸ್ತಕಗಳನ್ನೇ ತಂದರು. ತೋಳಿನ ಭಾರ, ಸಡಿಲಿಕೆ ಎಂಬ ಮಾತುಗಳು ಮಂತ್ರಗಳಾದವು. ಒಂದು ಅತಿಯಿಂದ ಇನ್ನೊಂದಕ್ಕೆ ಜಿಗಿದದ್ದು ಆಗಲೇ. ಅದನ್ನು ತಿದ್ದಿದವನು ಬಾಲ್ಟಿಮೋರ್‌ನ ಪೀಬಾಡಿ ಸಂಗೀತ ಶಾಲೆಯ ಓಟೊ ಆರ್ಟ್‌ಮನ್. ನಾದದ ಬಲ ಸುತ್ತಿಗೆಯ ವೇಗದ ಮಾತೆಂದು 1925ರ ಪುಸ್ತಕದಲ್ಲಿ ತೋರಿಸಿದ್ದವನು, 1929ರಲ್ಲಿ ನುಡಿಸುವವರ ಕೈಚಲನೆಯನ್ನು ಉಪಕರಣಗಳಿಂದ ದಾಖಲಿಸಿ ಇನ್ನೊಂದು ಪುಸ್ತಕ ಬರೆದ. ಪೂರ್ತಿ ಸಡಿಲವಾದ ಕೈ ನುಡಿಸಲಾರದು ಎಂಬುದು ಅವನ ಅಳತೆಗಳು ಹೇಳಿದ ಸತ್ಯ. ಯೋಚಿಸಿದರೆ ಇದು ಸಾಮಾನ್ಯ ಲೆಕ್ಕ. ದೇಹದ ತೂಕದಲ್ಲಿ ಒಂದು ತೋಳಿನ ಪಾಲು ಸುಮಾರು ನೂರಕ್ಕೆ ಐದು. 60 ಕಿಲೋ ತೂಗುವವರ ತೋಳು 3 ಕಿಲೋ. ಕೀಯನ್ನು ಮೆಲ್ಲಗೆ ಕೆಳಗಿಳಿಸಲು ಬೇಕಾದ್ದು 50 ಗ್ರಾಂ. ತೋಳು ನಿಜಕ್ಕೂ ಸಡಿಲಾದರೆ ಅದು ಕೀಗಳ ಮೇಲೆ ನಿಲ್ಲದೆ ತೊಡೆಯ ಮೇಲೆ ಬಂದು ಬೀಳುತ್ತದೆ. ಭುಜದ ಸ್ನಾಯು ಅದನ್ನು ಎತ್ತಿ ಹಿಡಿಯಲೇಬೇಕು. ಕೀ ತಗಲುವ ಕ್ಷಣದಲ್ಲಿ ಬೆರಳ ಗೆಣ್ಣು ಕುಸಿಯದಂತೆ ಗಟ್ಟಿಯಾಗಲೇಬೇಕು. ಮರುಕ್ಷಣ ಆ ಗಟ್ಟಿತನ ಬಿಡಬೇಕು. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿದೆ: ಹದ. ಜೋಳದ ರೊಟ್ಟಿ ತಟ್ಟುವ ಕೈಯನ್ನು ನೋಡಿ. ಬೆರಳುಗಳು ಜೋತುಬಿದ್ದಿಲ್ಲ, ಸೆಟೆದೂ ಇಲ್ಲ. ಭುಜದಿಂದ ಬಂದ ಭಾರ ಅಂಗೈ ಮುಟ್ಟಿ, ರೊಟ್ಟಿಯನ್ನು ತುಸು ತಿರುಗಿಸಿ, ಮೇಲೆದ್ದು ಹೋಗುತ್ತದೆ. ಸೆಟೆದ ಕೈಯಲ್ಲಿ ರೊಟ್ಟಿ ಹರಿಯುತ್ತದೆ, ಜೋತುಬಿದ್ದ ಕೈಯಲ್ಲಿ ಅಗಲವಾಗುವುದೇ ಇಲ್ಲ. ಪಾಠದ ಕೋಣೆಯಲ್ಲಿ ‘ಸಡಿಲ’ದ ಜಾಗದಲ್ಲಿ ‘ಹದ’ ಬಂದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಹದವನ್ನು ಕಲಿಸಲು ಹೊರಟರೆ ಮೊದಲು ಕೂರುವ ಜಾಗ. ನಮ್ಮ ಮನೆಗಳಲ್ಲಿ ಪಿಯಾನೊ ಕಲಿಕೆ ಶುರುವಾಗುವುದು ಹೆಚ್ಚಾಗಿ 61 ಕೀಗಳ ಎಲೆಕ್ಟ್ರಾನಿಕ್ ಕೀಬೋರ್ಡಿನಿಂದ, ಅದು ಕೂರುವುದು ಊಟದ ಮೇಜಿನ ಮೇಲೆ. ನಿಜವಾದ ಪಿಯಾನೊದ ಕೀಗಳು ನೆಲದಿಂದ ಸುಮಾರು 73 ಸೆಂ.ಮೀ. ಎತ್ತರದಲ್ಲಿರುತ್ತವೆ. ಮೇಜೇ 75 ಸೆಂ.ಮೀ. ಇರುತ್ತದೆ, ಕೀಬೋರ್ಡಿನ ದಪ್ಪ ಸೇರಿ 85ರ ಹತ್ತಿರ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಎಂಟು ವರ್ಷದ ಹುಡುಗಿಗೆ ಅದು ಎದೆಮಟ್ಟ. ಅಲ್ಲಿಗೆ ಕೈ ಮುಟ್ಟಿಸಬೇಕಾದರೆ ಭುಜ ಏರಲೇಬೇಕು. ಕಾಲು ನೆಲಕ್ಕೆ ಸಿಗದಿದ್ದರೆ ನೆಟ್ಟಗೆ ಕೂರಲು ಬೆನ್ನೂ ತೊಡೆಯೂ ಬಿಗಿಯಲೇಬೇಕು. ಅವಳಿಗೆ ವಾರಕ್ಕೊಮ್ಮೆ ‘ಭುಜ ಇಳಿಸು ಪುಟ್ಟಿ’ ಎನ್ನುವುದು ಒಂದು ಬಗೆಯ ಅನ್ಯಾಯ. ಮುಂಗೈ ಕೀಗಳ ಮಟ್ಟಕ್ಕೆ ಬರುವಷ್ಟು ಕುರ್ಚಿ ಎತ್ತರಿಸಿ, ಕಾಲ ಕೆಳಗೆ ಒಂದು ಮಣೆಯಿಟ್ಟರೆ ಭುಜ ಹೇಳದೆಯೇ ಇಳಿಯುತ್ತದೆ. ಆಮೇಲೆ ಚಲನೆ. ನ್ಯೂಯಾರ್ಕಿನ ಡೊರೊಥಿ ಟಾಬ್ಮನ್ (1917–2013) ಒತ್ತಿ ಹೇಳಿದ್ದು ಮುಂಗೈಯ ತಿರುವನ್ನು. ಬೀಗದಲ್ಲಿ ಕೀಲಿಕೈ ತಿರುಗಿಸುವಾಗ ಆಗುವ ಚಲನೆಯ ತೀರ ಸಣ್ಣ ರೂಪ ಅದು. ಹೆಬ್ಬೆರಳಿನಿಂದ ಕಿರುಬೆರಳಿಗೆ ಹೋಗುವ ಕೆಲಸವನ್ನು ಬೆರಳನ್ನು ಚಾಚದೆ, ತಿರುವಿನಿಂದಲೇ ಸಾಧಿಸಬಹುದು. ಅವರ ಪದ್ಧತಿಯನ್ನು ಇಡಿಯಾಗಿ ಒಪ್ಪದವರೂ ಈ ಒಂದು ಸಂಗತಿಯನ್ನು ತಳ್ಳಿಹಾಕಲಾರರು. ಮೂರನೆಯದು ಕೈಯಳತೆ. ಪಿಯಾನೊದ ಒಂದು ಆಕ್ಟೇವ್ ಅಗಲ ಸುಮಾರು 16.5 ಸೆಂ.ಮೀ., ಅದು ಎಲ್ಲ ಕೈಗಳಿಗೂ ಒಂದೇ. ದೊಡ್ಡ ಕೈಯ ಗಂಡಸರು ಬರೆದ ಆಕ್ಟೇವ್ ಸಾಲುಗಳನ್ನು ಪುಟ್ಟ ಕೈಗೆ ಕೊಟ್ಟು ‘ಚಾಚು’ ಎನ್ನುವುದಕ್ಕಿಂತ ಬೇರೆ ಕೃತಿ ಆರಿಸುವುದು ಮೇಲು. ಯೋಸೆಫ್ ಹಾಫ್‌ಮನ್‌ನಂಥ ದಿಗ್ಗಜನೇ ತನ್ನ ಸಣ್ಣ ಕೈಗೆ ಕಿರಿದಾದ ಕೀಗಳ ಪಿಯಾನೊ ಮಾಡಿಸಿಕೊಂಡಿದ್ದ.

ಇಷ್ಟಾದ ಮೇಲೆ ಎದುರಾಗುವ ಮೊದಲ ಆಕ್ಷೇಪ ಪಿಯಾನೊ ವಾದಕ ಗ್ಲೆನ್ ಗೌಲ್ಡ್. ತಂದೆ ಕಾಲು ಕತ್ತರಿಸಿ ಕೊಟ್ಟ ಕುರ್ಚಿಯಲ್ಲಿ, ನೆಲದಿಂದ 35 ಸೆಂ.ಮೀ. ಎತ್ತರದಲ್ಲಿ, ಗೂನುಬೆನ್ನು ಮಾಡಿ ಕೂತು ಜಗತ್ತನ್ನೇ ಬೆರಗಾಗಿಸಿದವನು ಅವನು. ಇನ್ನೊಬ್ಬ ದಿಗ್ಗಜ ಹೊರೊವಿಟ್ಸ್ ಚಪ್ಪಟೆ ಬೆರಳುಗಳಿಂದ, ತಗ್ಗಿದ ಮಣಿಕಟ್ಟಿನಿಂದ ನುಡಿಸಿದ. ಹಾಗಿದ್ದರೆ ‘ಸರಿಯಾದ ಭಂಗಿ’ ಎಂಬುದಕ್ಕೆ ಅರ್ಥವೇನು? ಆಕ್ಷೇಪದಲ್ಲಿ ಹುರುಳಿದೆ. ಎಲ್ಲರಿಗೂ ಒಪ್ಪುವ ಒಂದೇ ಭಂಗಿ ಇಲ್ಲ, ಚಿತ್ರ ನೋಡಿ ನಕಲು ಮಾಡುವ ಭಂಗಿಯಿಂದ ಪ್ರಯೋಜನವೂ ಇಲ್ಲ. ಆದರೆ ಹೊರೊವಿಟ್ಸ್ ನುಡಿಸುವ ಚಿತ್ರೀಕರಣಗಳಲ್ಲಿ ಬೆರಳ ಆಕಾರಕ್ಕಿಂತ ಹೆಚ್ಚು ಗಮನಿಸಬೇಕಾದ್ದು ಅಲುಗದ ಮುಖ, ಇಳಿದ ಭುಜ, ವ್ಯರ್ಥ ಚಲನೆಯೇ ಇಲ್ಲದ ಮುಂಡ. ಗೌಲ್ಡ್‌ನ ಮಾತಿಗೆ ಬಂದರೆ, 1977-78ರಲ್ಲಿ ತನ್ನ ಕೈ ಹೇಳಿದಂತೆ ಕೇಳದಾದ ಬಗ್ಗೆ ಅವನು ತಿಂಗಳುಗಟ್ಟಲೆ ಟಿಪ್ಪಣಿ ಬರೆದುಕೊಂಡ. ಭಂಗಿಯೇ ಅದಕ್ಕೆ ಕಾರಣವೆಂದು ಹೇಳುವುದು ಅವಸರದ ತೀರ್ಪಾಗುತ್ತದೆ. ಅವನನ್ನು ಆರೋಗ್ಯದ ಸಾಕ್ಷಿಯಾಗಿ ನಿಲ್ಲಿಸುವುದೂ ಅಷ್ಟೇ ಅವಸರದ್ದು. ಮೇಲಾಗಿ ಪಾಠದ ಪದ್ಧತಿಯನ್ನು ಕಟ್ಟಬೇಕಾದ್ದು ಲಕ್ಷಕ್ಕೊಬ್ಬರ ಕೈ ನೋಡಿ ಅಲ್ಲ, ಉಳಿದವರ ಕೈ ನೋಡಿ.

ಎರಡನೆಯ ಆಕ್ಷೇಪ ನಮ್ಮಲ್ಲಿ ಹೆಚ್ಚು ಆಳಕ್ಕೆ ಬೇರೂರಿದೆ. ಕೈ ಪಳಗಬೇಕಾದರೆ ನೋಯಲೇಬೇಕು, ಸಾಧನೆ ಎಂದರೆ ಅದೇ ಅಲ್ಲವೇ ಎಂಬುದು. ದಣಿವು ಬೇರೆ, ನೋವು ಬೇರೆ. ಓಡಿದವನ ಕಾಲಿನಂತೆ ಕೈಯೂ ದಣಿಯುತ್ತದೆ, ಒಂದು ರಾತ್ರಿಯ ನಿದ್ದೆಯಲ್ಲಿ ಸರಿಹೋಗುತ್ತದೆ. ಚುಚ್ಚುವ ನೋವು, ಜೋಮು, ಮರುದಿನವೂ ಉಳಿಯುವ ಬಿಗಿತ ಇವು ದೇಹ ಹೇಳುತ್ತಿರುವ ಬೇರೆಯೇ ಮಾತು. 1944ರಲ್ಲಿ, ಹದಿನಾರನೇ ವಯಸ್ಸಿಗೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ನುಡಿಸಿದ ಲಿಯಾನ್ ಫ್ಲೈಷರ್ ಮೂವತ್ತರ ಹರಯದಲ್ಲಿ ಬಲಗೈಯ ಕೊನೆಯ ಎರಡು ಬೆರಳು ಒಳಕ್ಕೆ ಸುರುಳಿಗೊಳ್ಳುವುದನ್ನು ಕಂಡು, ಇನ್ನೂ ಹೆಚ್ಚು ಅಭ್ಯಾಸ ಮಾಡಿದರು. ಕೈ ಪೂರ್ತಿ ಕೈಕೊಟ್ಟಿತು. ಮೂವತ್ತು ವರ್ಷ ಎಡಗೈ ಕೃತಿಗಳನ್ನು ನುಡಿಸುತ್ತ, ಪಾಠ ಹೇಳುತ್ತ, ವಾದ್ಯವೃಂದ ನಡೆಸುತ್ತ ಕಳೆದು, ಬೊಟಾಕ್ಸ್ ಚುಚ್ಚುಮದ್ದು ಮತ್ತು ಅಂಗಮರ್ದನ ಚಿಕಿತ್ಸೆಯ ನೆರವಿನಿಂದ ಮರಳಿ ಎರಡೂ ಕೈಗಳಿಂದ ನುಡಿಸಿದ ಅವರ ಮುದ್ರಿಕೆ ಬಂದದ್ದು 2004ರಲ್ಲಿ. ಅವರದ್ದು ‘ಫೋಕಲ್ ಡಿಸ್ಟೋನಿಯಾ’, ಅಂದರೆ ಕೈ ಕೆಟ್ಟದ್ದಕ್ಕಿಂತ ಮಿದುಳಿನ ಆಜ್ಞೆ ಕಲಸಿಹೋದದ್ದು. ವೃತ್ತಿನಿರತ ಸಂಗೀತಗಾರರಲ್ಲಿ ನೂರಕ್ಕೆ ಒಬ್ಬರಿಗೆ ಇದು ಬರುತ್ತದೆಂಬ ಅಂದಾಜಿದೆ. ವಂಶವಾಹಿ, ಆತಂಕ, ಅತಿ ಪರಿಪೂರ್ಣತೆಯ ಹಂಬಲ ಎಲ್ಲವೂ ಇದರಲ್ಲಿ ಸೇರಿಕೊಂಡಿರುವುದರಿಂದ, ಚೆನ್ನಾಗಿ ಕೂತು ನುಡಿಸಿದರೆ ಇದು ಬರುವುದೇ ಇಲ್ಲ ಎಂದು ಯಾವ ಶಿಕ್ಷಕರಾದರೂ ಭರವಸೆ ಕೊಟ್ಟರೆ ನಂಬಬಾರದು. ಶೋಪನ್ ತನ್ನ ಶಿಷ್ಯರಿಗೆ ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಅಭ್ಯಾಸ ಬೇಡವೆನ್ನುತ್ತಿದ್ದ ಎಂಬುದನ್ನು ಮಾತ್ರ, ಹೆಚ್ಚು ಗಂಟೆಯೇ ಹೆಚ್ಚು ಸಾಧನೆ ಎನ್ನುವ ತಂದೆತಾಯಂದಿರು ಒಮ್ಮೆ ಕೇಳಿಸಿಕೊಳ್ಳಬೇಕು.

ಮೂರನೆಯ ಆಕ್ಷೇಪ ವಿದ್ಯಾವಂತರದು: ದೇಹದ ಬಳಕೆಯನ್ನು ಕಲಿಸುವ ಅಲೆಕ್ಸಾಂಡರ್ ಟೆಕ್ನಿಕ್, ಫೆಲ್ಡನ್‌ಕ್ರೈಸ್ ಇತ್ಯಾದಿ ಪದ್ಧತಿಗಳಿಗೆ ವಿಜ್ಞಾನದ ಆಧಾರ ಎಲ್ಲಿದೆ? ನ್ಯಾಯವಾದ ಪ್ರಶ್ನೆ. ಬ್ರಿಟನ್‌ನಲ್ಲಿ 579 ಬೆನ್ನುನೋವಿನ ರೋಗಿಗಳ ಮೇಲೆ ನಡೆದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಲೆಕ್ಸಾಂಡರ್ ಪಾಠಗಳಿಂದ ಒಂದು ವರ್ಷದ ನಂತರವೂ ಸ್ಪಷ್ಟ ಲಾಭ ಕಂಡಿತು. ಆದರೆ ಅವರು ಬೆನ್ನುನೋವಿನ ರೋಗಿಗಳು, ಪಿಯಾನೊ ವಿದ್ಯಾರ್ಥಿಗಳಲ್ಲ. ಸಂಗೀತಗಾರರ ಮೇಲಿನ ಪ್ರಯೋಗಗಳನ್ನು 2014ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಸಿಕ್ಕಿದ್ದು ವೇದಿಕೆಯ ಅಳುಕು ತಗ್ಗಬಹುದು ಎಂಬಷ್ಟು. ನುಡಿಸುವಿಕೆಯೋ ಭಂಗಿಯೋ ಸುಧಾರಿಸಿತೆಂದು ಖಚಿತವಾಗಿ ಹೇಳಲಾಗಲಿಲ್ಲ. ಹಾಗಾಗಿ ಯಾವುದೇ ಪದ್ಧತಿಯ ಹೆಸರಿಗೆ ಶಿಕ್ಷಕರು ದೀಕ್ಷೆ ತೆಗೆದುಕೊಳ್ಳಬೇಕಾಗಿಲ್ಲ. ಸುತ್ತಿಗೆ ಹಾರುವ ಬಗೆ, ಮುಂಗೈಯೊಳಗಿನ ಸ್ನಾಯು, ಕುರ್ಚಿಯ ಎತ್ತರ ಇವು ಪಂಥದ ಮಾತುಗಳಲ್ಲ, ಅಳೆದು ನೋಡಬಹುದಾದವು. ಶಿಕ್ಷಕರು ವೈದ್ಯರೂ ಅಲ್ಲ. ಎರಡು ವಾರ ವಿರಾಮ ಕೊಟ್ಟರೂ ಹೋಗದ ನೋವನ್ನು ಪಾಠದಲ್ಲೇ ತಿದ್ದಲು ಹೊರಡುವುದು ಅಪಾಯ. ಹಾಗೆಯೇ ಮಗುವಿನ ತೋಳನ್ನು ಹಿಡಿದು ತೋರಿಸುವ ಮೊದಲು ‘ಮುಟ್ಟಲಾ?’ ಎಂದು ಕೇಳುವುದು ಸೌಜನ್ಯದ ಜೊತೆಗೆ ಪಾಠದ ಅಗತ್ಯವೂ ಹೌದು. ಬೆಚ್ಚಿದ ತೋಳಿಗೆ ಹದ ಕಲಿಸಲಾಗದು.

ಒಮ್ಮೆ ಹೇಳಿಕೊಟ್ಟರೆ ಮುಗಿಯುವ ಪಾಠವೂ ಇದಲ್ಲ. ಇಲ್ಲಿ ಮೈಸೂರಿನ ಒಂದು ನೆನಪು ತರಬಹುದು. ಸ್ವತಃ ಪಿಯಾನೊ ನುಡಿಸುತ್ತಿದ್ದ ಜಯಚಾಮರಾಜ ಒಡೆಯರ್ 1940ರ ದಶಕದ ಕೊನೆಗೆ ಲಂಡನ್‌ನಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಣಗೊಳ್ಳಲು ಹಣ ಕೊಟ್ಟರು. ಕೃತಜ್ಞತೆಯಿಂದ ಮೆಟ್ನರ್ ತನ್ನ ಮೂರನೇ ಪಿಯಾನೊ ಕಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. ಅದೇ ಮೆಟ್ನರ್ ದಿನದ ಅಭ್ಯಾಸದ ಬಗ್ಗೆ ತನಗೆ ತಾನೇ ಬರೆದುಕೊಂಡ ಎಚ್ಚರಿಕೆಯ ಟಿಪ್ಪಣಿಗಳು ಅವನು ತೀರಿಕೊಂಡ ಮೇಲೆ, 1963ರಲ್ಲಿ, ಮಾಸ್ಕೋದಲ್ಲಿ ಪುಸ್ತಕವಾಗಿ ಬಂದವು. ಮಾಸ್ಕೋ ಕನ್ಸರ್ವೇಟರಿಯಲ್ಲಿ ಪಾಠ ಹೇಳಿದ್ದವನಿಗೇ ತನ್ನ ಅಭ್ಯಾಸವನ್ನು ತಾನೇ ನೆನಪಿಸಿಕೊಳ್ಳುವ ಅಗತ್ಯವಿತ್ತು.

ಕೊನೆಗೆ ಉಳಿಯುವುದು ಸಮಯದ ತಕರಾರು, ಅದು ಪೊಳ್ಳಲ್ಲ. ಅರ್ಧ ಗಂಟೆಯ ಪಾಠ; ಮೂರು ಕೃತಿ, ಶ್ರೇಣಿಗಳು, ಸ್ವರ ಓದುವುದು; ಎದುರಿಗೆ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಗ್ರೇಡ್ ಪರೀಕ್ಷೆ. ಭುಜಕ್ಕೆಂದು ಬೇರೆ ಅಂಕವಿಲ್ಲ. ಆದರೆ ಟ್ರಿನಿಟಿಯಲ್ಲಿ ಒಂದು ಕೃತಿಗಿರುವ 22 ಅಂಕಗಳಲ್ಲಿ 7 ತಾಂತ್ರಿಕ ಹಿಡಿತಕ್ಕೆ ಮೀಸಲು, ಮತ್ತು ಕಷ್ಟದ ಸಾಲಿನಲ್ಲಿ ವೇಗ ಕುಸಿಯುವುದು, ನಾದ ಒರಟಾಗುವುದು ಬಹಳ ಸಲ ಏರಿದ ಭುಜದ್ದೇ ಕೆಲಸ. ಇದಕ್ಕೆ ಬೇರೆ ಪೀರಿಯಡ್ ಬೇಕಿಲ್ಲ, ಕಲಿಯುತ್ತಿರುವ ಕೃತಿಯ ಆ ಎರಡು ಸಾಲಿನಲ್ಲೇ ಕಲಿಸಬಹುದು. ಸಾಧನವೂ ಆಗಲೇ ಮನೆಯಲ್ಲಿದೆ. 2020ರಿಂದ ಪರೀಕ್ಷೆಯ ವಿಡಿಯೊವನ್ನು ಮನೆಯಲ್ಲೇ ಚಿತ್ರೀಕರಿಸಿ ಕಳಿಸುವ ಪದ್ಧತಿ ಬಂದ ಮೇಲೆ, ಮೊಬೈಲನ್ನು ಪಕ್ಕದಲ್ಲಿ ನಿಲ್ಲಿಸಿ ಕೈಯೂ ಮೈಯೂ ಕಾಣುವಂತೆ ತೆಗೆಯುವುದು ಅಪ್ಪ-ಅಮ್ಮಂದಿರಿಗೆ ರೂಢಿಯಾಗಿದೆ. ಅದೇ ವಿಡಿಯೊವನ್ನು ಸದ್ದು ಪೂರ್ತಿ ಆರಿಸಿ ಮಗುವಿಗೆ ತೋರಿಸಿ, ಕಷ್ಟದ ಸಾಲು ಎಲ್ಲಿ ಬಂತು ಹೇಳು ಎಂದರೆ, ಒಂದು ಸ್ವರವೂ ಕೇಳಿಸದೆಯೇ ಅದು ಬೆರಳಿಟ್ಟು ತೋರಿಸುತ್ತದೆ.